ಫೋಟೋ ಬಿಟ್ಟು ಕೆತ್ತನೆಯೇಕೆ?

(ಕಳೆದ ಸಂಚಿಕೆಯಲ್ಲಿ ಅಮೆರಿಕದ ರಂಗನಟಿ ಷಾರ್ಲೆಟ್ ಕುಶ್ಮನ್ ಕುರಿತ ಲೇಖನದ ಜೊತೆಗೆ ಉಕ್ಕಿನ ಫಲಕದಲ್ಲಿ ಕೆತ್ತಿದ ಚಿತ್ರ ಹಾಕಿದ್ದೆವು. ಓದುಗರೊಬ್ಬರು ಕೇಳಿದ್ದಾರೆ: ‘ಆಕೆಯ ಕಾಲಕ್ಕೆ ಕ್ಯಾಮೆರಾ ಬಂದಿತ್ತಲ್ಲ? ಅಸಲಿ ಫೋಟೋ ಬಿಟ್ಟು ಯಾರೋ ಗೀಚಿದ ಚಿತ್ರವೇಕೆ?’)

ಕ್ಯಾಮೆರಾ ಬಂದಿತ್ತು, ನಿಜ. ಕುಶ್ಮನ್ (1816–1876) ಅವರ ಫೋಟೋಗಳೂ ಉಳಿದಿವೆ. ಆದರೆ ಫೋಟೋವನ್ನು ಅಕ್ಷರಗಳ ಜೊತೆ ಅಚ್ಚು ಹಾಕುವ ಹಾಫ್‌ಟೋನ್ ವಿಧಾನ ಪತ್ರಿಕೆಗಳಲ್ಲಿ ರೂಢಿಗೆ ಬಂದದ್ದು 1880ರ ಈಚೆಗೆ. ಅಲ್ಲಿಯವರೆಗೆ ಫೋಟೋ ಹೋಗುತ್ತಿದ್ದದ್ದು ಕೆತ್ತುವವರ ಮೇಜಿಗೆ. ಲಂಡನ್ನಿನ ಜಾನ್ ಟಾಲಿಸ್ ಪ್ರಕಟಿಸಿದ ನಟನಟಿಯರ ಚಿತ್ರಗಳನ್ನೇ ನೋಡಿ. ಡಾಗೆರೊಟೈಪ್ (ಲೋಹದ ತಗಡಿನ ಮೇಲೆ ಮೂಡಿಸುತ್ತಿದ್ದ ಆಗಿನ ಫೋಟೋ) ನೋಡಿ ಕೆತ್ತಿದ್ದೆಂದು ಎಷ್ಟೋ ಚಿತ್ರಗಳ ಕೆಳಗೇ ಬರೆದಿದೆ. ‘ಗೀಚಿದ್ದು’ ಎಂಬ ಮಾತು ಹಾಗಾಗಿ ನಿಲ್ಲುವುದಿಲ್ಲ.

ಮೂಲ ಹಾಳೆ ಎಲ್ಲಾದರೂ ಸಿಕ್ಕರೆ ಭೂತಗನ್ನಡಿ ಹಿಡಿದು ನೋಡಿ. (ನಮ್ಮ ಪುಟದ ಮೇಲೆ ಹಿಡಿಯಬೇಡಿ, ಈಗಿನ ಆಫ್‌ಸೆಟ್ ಮುದ್ರಣದ ಚುಕ್ಕಿ ಬಿಟ್ಟು ಬೇರೇನೂ ಕಾಣದು.) ಕೆನ್ನೆ, ಹಣೆಯ ಮೇಲೆ ಹೆಚ್ಚಾಗಿ ಸಣ್ಣ ಸಣ್ಣ ಚುಕ್ಕಿಗಳು, ನೆರಳಿದ್ದ ಕಡೆ ಒತ್ತೊತ್ತಾಗಿರುತ್ತವೆ. ಉಡುಪಿಗೆ ಇಳಿದರೆ ಉದ್ದುದ್ದ ಗೆರೆಗಳು, ಬಟ್ಟೆಯ ಮಡಿಕೆ ತಿರುಗಿದ ಕಡೆಗೆ ಅವೂ ತಿರುಗುತ್ತವೆ. ಗೀರಿನ ತಗ್ಗಿನಲ್ಲಿ ಕೂತ ಮಸಿಯನ್ನು ಒದ್ದೆ ಕಾಗದ ಎಳೆದುಕೊಳ್ಳುವುದರಿಂದ ಗೆರೆ ಕೊಂಚ ಉಬ್ಬಿರುತ್ತದೆ. ಇಂಥ ಫಲಕವನ್ನು ಅಚ್ಚುಮೊಳೆಗಳ ಜೊತೆ ಒಂದೇ ಸಲಕ್ಕೆ ಮುದ್ರಿಸಲಾಗದು. ಬೇರೆ ದಪ್ಪ ಹಾಳೆಯಲ್ಲಿ ತೆಗೆದು ಪುಸ್ತಕದೊಳಗೆ ಸೇರಿಸುತ್ತಿದ್ದರು. ಕತ್ತರಿಸಿ ಮಾರುವವರಿಗೆ ಅದೇ ಅನುಕೂಲವಾಯಿತು. ಇಂದು ಬಿಡಿ ಹಾಳೆಯಾಗಿ ಸಿಗುವ ನಟಿಯರಲ್ಲಿ ಎಷ್ಟೋ ಮಂದಿ ಪುಸ್ತಕದಿಂದ ಹರಿದು ಬಂದವರೇ.

ಇನ್ನು ರಂಗದ ಮಾತು. 1845ರ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರದಲ್ಲಿ ಕುಶ್ಮನ್ ರೋಮಿಯೋ ಆದರು, ತಂಗಿ ಸೂಸನ್ ಜೂಲಿಯೆಟ್. ರಂಗದ ದೀಪಗಳ ಬೆಳಕಿನಲ್ಲಿ ಓಡಾಡುವವರನ್ನು ಹಿಡಿಯುವುದು ಆಗಿನ ಕ್ಯಾಮೆರಾಕ್ಕೆ ಆಗದ ಕೆಲಸ. ಆ ಅಕ್ಕತಂಗಿಯರ ಜೋಡಿಯನ್ನು ಜನರ ಮನೆಗೆ ತಲುಪಿಸಿದ್ದು ಚಿತ್ರಕಾರರು, ಅಚ್ಚಿನವರು. ಪಿಂಗಾಣಿ ಗೊಂಬೆ ಮಾಡುವವರೂ ಹಿಂದೆ ಬೀಳಲಿಲ್ಲ.

ಒಂದು ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಕೆತ್ತುವವರು ಮುಖ ತಿದ್ದುತ್ತಿದ್ದರು. ಕುಶ್ಮನ್ ಅವರದು ಅಗಲ ದವಡೆಯ ಗಡಸು ಮುಖ, ಆಗಿನವರ ಲೆಕ್ಕದ ಸುಂದರಿ ಅವರಲ್ಲ. ಕೆತ್ತನೆಗಾರನ ಕೈಯಲ್ಲಿ ಅಂಥ ದವಡೆ ಸುಲಭವಾಗಿ ನಯವಾಗಿಬಿಡುತ್ತದೆ. ನನಗಂತೂ ಫೋಟೋದ ಗಡಸೇ ಹೆಚ್ಚು ಇಷ್ಟ. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಹಾಕುತ್ತೇವೆ, ತಾವೇ ಹೋಲಿಸಿ ನೋಡಿ.
– ಸಂ.