ತೋಟೆ ಸಿಗ್ತಿಲ್ಲ, ಕೇಪೂ ಸಿಗ್ತಿಲ್ಲ, ಏನ್ಮಾಡೋದು?

ಈ ತಿಂಗಳು ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ವಿಷ್ಯದ್ದು, ಅದಕ್ಕೆ ಮಿಕ್ಕಿದ್ದನ್ನ ಪಕ್ಕಕ್ಕಿಟ್ಟು ಇದನ್ನೇ ತಗೊಂಡಿದೀನಿ. ಹೊಸಬರಿಗೆ ಹೇಳ್ಬೇಕಂದ್ರೆ ನಾನು ಸೋಮವಾರಪೇಟೆ ಕಡೆಯವನು, ಓಹಾಯೋಗೆ ಬಂದು 20 ವರ್ಷದ ಮೇಲಾಯ್ತು, ಬೇಸ್‌ಮೆಂಟಲ್ಲಿ ಖಾಲಿ ತೋಟೆ ಮತ್ತೆ ತುಂಬೋ ರೀಲೋಡಿಂಗ್ ಪ್ರೆಸ್ ಇಟ್ಕೊಂಡಿದೀನಿ, ವಾರಕ್ಕೊಂದ್ಸಲ ರೇಂಜಿಗೆ ಹೋಗ್ತೀನಿ. ಊರಲ್ಲಿ ಕೋವಿ ಹಿಡಿಯೋರು ಪೌಡರಿಗೆ ಮದ್ದು ಅಂತೀವಿ, ಕಾರ್ಟ್ರಿಜ್‌ಗೆ ತೋಟೆ, ಪಿನ್ ಹೊಡೆದಾಗ ಸಿಡಿದು ಮದ್ದಿಗೆ ಬೆಂಕಿ ಕೊಡೋ ಪ್ರೈಮರಿಗೆ ಕೇಪು. ಇಲ್ಲೂ ಅದೇ ಮಾತು.

ಪ್ರಶ್ನೆ: ಸರ್, ನಾನು ಡಲ್ಲಾಸ್‌ನಲ್ಲಿರೋದು, 9 ಎಂಎಂ ಪಿಸ್ತೂಲಲ್ಲಿ ಟಾರ್ಗೆಟ್ ಹೊಡೀತೀನಿ. ಒಂದೊಂದ್ಸಲ ಅಂಗಡಿ ತುಂಬ ತೋಟೆ ಇರುತ್ತೆ, ಇನ್ನೊಂದ್ಸಲ ಶೆಲ್ಫ್ ಪೂರ್ತಿ ಖಾಲಿ. ಕಂಡಾಗ ಒಂದೇ ಸಲ 5,000 ಎತ್ತಿ ಇಟ್ಕೊಂಡ್ಬಿಡ್ಲಾ? ಹೀಗ್ಯಾಕೆ ಆಗುತ್ತೆ?

ತಮ್ಮಾ, ಇದು ಮೊದಲನೇ ಸಲ ಅಲ್ಲ. 2012ರ ಡಿಸೆಂಬರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಆ ಘೋರ ಗುಂಡಿನ ದಾಳಿ ಆದ್ಮೇಲೆ ಹೊಸ ಕಾನೂನು ಬಂದ್ಬಿಡುತ್ತೆ ಅಂತ ಜನ ಮುಗಿಬಿದ್ರು, 2013 ಪೂರ್ತಿ .22 ತೋಟೆ ಅನ್ನೋದು ಕಣ್ಣಿಗೆ ಬೀಳೋದೇ ಕಷ್ಟ ಆಗಿತ್ತು. ಆಮೇಲೆ 2020. ಆ ವರ್ಷ ಗನ್ ವಿಷ್ಯಕ್ಕೆ ಮಾಡೋ ಎಫ್‌ಬಿಐ ಬ್ಯಾಕ್‌ಗ್ರೌಂಡ್ ಚೆಕ್ ಸುಮಾರು 3.97 ಕೋಟಿ ಆಯ್ತು. ಜೀವನದಲ್ಲಿ ಮೊದಲನೇ ಸಲ ಗನ್ ತಗೊಂಡೋರೇ 84 ಲಕ್ಷ ಜನ ಅಂತ ಇಂಡಸ್ಟ್ರಿಯವರ ಅಂದಾಜು. ಒಬ್ಬೊಬ್ರು 50ರ ಎರಡೇ ಎರಡು ಡಬ್ಬಿ ತಗೊಂಡ್ರು ಅಂದ್ಕೊ, ಆಗ್ಲೇ 84 ಕೋಟಿ ತೋಟೆ. ಅವ್ರಲ್ಲಿ ಯಾರೂ ದುರಾಸೆಯವರಲ್ಲ, ಎರಡು ಡಬ್ಬಿ ಅಷ್ಟೇ, ಆದ್ರೂ ಶೆಲ್ಫ್ ಖಾಲಿ. ಅದ್ರ ಮೇಲೆ ಅದೇ ಜುಲೈನಲ್ಲಿ ಗನ್ನು ತೋಟೆ ಮಾಡೋ ರೆಮಿಂಗ್ಟನ್ ಕಂಪನಿ ದಿವಾಳಿ ಅರ್ಜಿ ಹಾಕ್ತು, ಸಪ್ಲೈ ಇನ್ನೂ ಬಿಗಿ ಆಯ್ತು.

5,000 ಎತ್ತಿಡ್ಬೇಕಾ ಅಂದ್ರೆ, ನಿನ್ನ ಲೆಕ್ಕ ಮೊದಲು ಹೇಳು. ತಿಂಗಳಿಗೆ ನಿಜವಾಗಿ ಎಷ್ಟು ಹೊಡೀತೀಯ? ಬಹಳ ಜನಕ್ಕೆ ಗೊತ್ತೇ ಇರಲ್ಲ, ಸುಮ್ನೆ "ತುಂಬಾ" ಅಂತಾರೆ. ಮೂರು ತಿಂಗಳು ಒಂದು ಡೈರಿಲಿ ಬರೆದಿಡು. ತಿಂಗಳಿಗೆ 200 ಆದ್ರೆ ಆರು ತಿಂಗಳಿಗೆ 1,200, ಅದನ್ನ ನೆಲ ಅಂತ ಇಟ್ಕೊ, ಅದಕ್ಕಿಂತ ಕೆಳಗೆ ಇಳೀಬೇಡ. ಮಾರ್ಕೆಟ್ ತಣ್ಣಗಿದ್ದಾಗ ಪ್ರತಿ ತಿಂಗಳು ಹೊಡೆದಷ್ಟು ವಾಪಸ್ ತುಂಬ್ಸು, ಮೇಲೆ ಒಂದು ಡಬ್ಬಿ ಜಾಸ್ತಿ. ಬರ ಬಂದಾಗ ಕೊಳ್ಳೋದು ನಿಲ್ಸಿ ಇರೋದನ್ನ ಹಂಚ್ಕೊಂಡು ಹೊಡಿ. ನಮ್ಮನೇಲಿ ಅಜ್ಜಿ ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡ್ತಿದ್ದದ್ದು ಹೀಗೇನೇ, ಬೇಸಿಗೆಲೇ ಕೂಡಿಡೋರು, ಜುಲೈನಲ್ಲಿ ಹೊಳೆ ದಾಟಿ ಅಂಗಡಿಗೆ ಓಡ್ತಿರ್ಲಿಲ್ಲ. ಗನ್ ಶೋ ಟೇಬಲ್ ಮೇಲೆ ಮೂರು ಪಟ್ಟು ರೇಟಿಗೆ ಮಾರೋರ ಹತ್ರ ಮಾತ್ರ ದಯವಿಟ್ಟು ಹೋಗ್ಬೇಡ, ಆ ದುಡ್ಡು ಬಂದಷ್ಟೂ ಅವ್ರು ಮುಂದಿನ ಸಲ ಇನ್ನೂ ಜಾಸ್ತಿ ಎತ್ತಿಡ್ತಾರೆ.

ಪ್ರಶ್ನೆ: ಅಣ್ಣಾ, ನಾನು ಕೊಲಂಬಸ್ಸಲ್ಲಿ ನಿಮ್ಮ ಹತ್ರದವ್ನೇ. ಪಿಸ್ತೂಲಿಗೆ .45 ಎಸಿಪಿ ತೋಟೆ ನಾನೇ ಲೋಡ್ ಮಾಡ್ಕೋತೀನಿ. ಲಾರ್ಜ್ ಪಿಸ್ತೂಲ್ ಪ್ರೈಮರ್ ಎಲ್ಲೂ ಇಲ್ಲ, ಲಾರ್ಜ್ ರೈಫಲ್ ಪ್ರೈಮರ್ ಒಂದು ಸಾವಿರ ಇದೆ, ಅದನ್ನೇ ಹಾಕ್ಬಹುದಾ? ಇನ್ನೊಂದು, ಪರಿಚಯದವರೊಬ್ರು ಗಾಜಿನ ಬಾಟ್ಲಲ್ಲಿ ಅರ್ಧ ಪೌಂಡ್ ಪೌಡರ್ ಕೊಟ್ಟಿದಾರೆ, "ಪಿಸ್ತೂಲ್ ಪೌಡರ್ರೇ" ಅಂದ್ರು.

ಎರಡಕ್ಕೂ ಬೇಡ. ಸ್ವಲ್ಪ ಉದ್ದವಾಗೇ ಹೇಳ್ತೀನಿ, ಕೈ ಕಣ್ಣು ಉಳಿಯೋ ವಿಷ್ಯ ಇದು.

ಲಾರ್ಜ್ ಪಿಸ್ತೂಲ್ ಕೇಪು, ಲಾರ್ಜ್ ರೈಫಲ್ ಕೇಪು ಎರಡರದ್ದೂ ಅಗಲ ಒಂದೇ, ಆದ್ರೆ ರೈಫಲ್‌ದು ಎತ್ತರ ಜಾಸ್ತಿ. ಪಿಸ್ತೂಲ್ ಕೇಸಲ್ಲಿ (ತೋಟೆಯ ಲೋಹದ ಕೊಳವೆ) ಕೂರ್ಸಿದ್ರೆ ತಳದಿಂದ ಹೊರಗೆ ಉಬ್ಬಿ ನಿಲ್ಲುತ್ತೆ, ಸ್ಲೈಡ್ ಬಂದು ರಪ್ಪಂತ ಹೊಡೆದಾಗ ಟ್ರಿಗರ್ ಮುಟ್ಟದೇನೇ ಸಿಡಿಯೋ ಸಾಧ್ಯತೆ ಇದೆ. ಸ್ಮಾಲ್ ಕೇಪುಗಳಲ್ಲಿ ಕಥೆ ಬೇರೆ, ಅಲ್ಲಿ ಅಳತೆ ಒಂದೇ ಇದ್ರೂ ರೈಫಲ್‌ದು ತಗಡು ದಪ್ಪ, ಪಿನ್ ಹೊಡೆದ್ರೂ ಕೆಲವು ಪಿಸ್ತೂಲಲ್ಲಿ ಸಿಡಿಯಲ್ಲ. ಉಲ್ಟಾ ಮಾಡಿ ತೆಳು ತಗಡಿನ ಪಿಸ್ತೂಲ್ ಕೇಪನ್ನ ರೈಫಲ್ಲಿಗೆ ಹಾಕಿದ್ರೆ ಆ ಒತ್ತಡಕ್ಕೆ ತೂತು ಬಿದ್ದು ಬಿಸಿ ಗ್ಯಾಸ್ ಹಿಂದಕ್ಕೆ ಬರುತ್ತೆ.

ನಿನಗೆ ದಾರಿ ಇದೆ. .45 ಕೇಸ್ ಎರಡು ಥರದ್ದು ಬರುತ್ತೆ, ಬ್ಲೇಜರ್ ಬ್ರಾಸ್ ಥರದ್ದು ಸ್ಮಾಲ್ ಪಿಸ್ತೂಲ್ ಕೇಪಿನದ್ದು. ನಾವೆಲ್ಲ ಅದನ್ನ ಕಂಡ್ರೆ ಬೈಕೊಂಡು ಬಕೆಟ್ಟಿಗೆ ಎಸೀತಿದ್ವಿ, ಈಗ ರೇಂಜ್ ಬಕೆಟ್ಟಲ್ಲಿ ಅದನ್ನೇ ಆರಿಸ್ಕೊ. ಸ್ಮಾಲ್ ಪಿಸ್ತೂಲ್ ಕೇಪು ಸಾಮಾನ್ಯವಾಗಿ ಲಾರ್ಜ್‌ಗಿಂತ ಬೇಗ ಅಂಗಡಿಗೆ ಬರುತ್ತೆ, 9 ಎಂಎಂಗೂ ಅದೇ ಬೇಕಲ್ಲ. ಎರಡು ಥರದ ಕೇಸನ್ನ ಬೆರೆಸ್ಬೇಡ, ಬೇರೆ ಬೇರೆ ಡಬ್ಬಿ, ಮೇಲೆ ದಪ್ಪಗೆ ಬರೆದಿರ್ಬೇಕು. ಕೇಪು ಬದಲಾದ್ರೆ ಲೋಡನ್ನೂ ಕೆಳಗಿಂದ ಶುರು ಮಾಡಿ ಮೇಲಕ್ಕೆ ಬಾ, ಮ್ಯಾನ್ಯುಯಲ್‌ನ ಸ್ಟಾರ್ಟಿಂಗ್ ಲೋಡಿಂದ, ಕಷ್ಟ ಅನ್ಸಿದ್ರೂ.

ಕೇಪೇ ಯಾಕೆ ಮೊದಲು ಮಾಯ ಆಗೋದು ಅಂದ್ರೆ ಅಮೆರಿಕದಲ್ಲಿ ಅದನ್ನ ಮಾಡೋ ಹೆಸರುಗಳು ಬೆರಳೆಣಿಕೆ, ಸಿಸಿಐ, ಫೆಡರಲ್, ವಿಂಚೆಸ್ಟರ್, ರೆಮಿಂಗ್ಟನ್, ಇವ್ರೆಲ್ಲ ರೆಡಿ ತೋಟೆನೂ ಮಾಡೋರು. ಡಿಮ್ಯಾಂಡ್ ಬಂದಾಗ ಕೇಪೆಲ್ಲ ಮೊದಲು ಅವ್ರ ಸ್ವಂತ ತೋಟೆಗೆ ಹೋಗುತ್ತೆ, ಮಿಕ್ಕಿದ್ದು ನಮಗೆ. ಮದ್ದಾದ್ರೆ ಪಿಸ್ತೂಲಿಗೆ ಎಳೀಬಹುದು, ಒಂದು ಪೌಂಡಲ್ಲಿ 7,000 ಗ್ರೇನ್, ತೋಟೆಗೆ 5 ಗ್ರೇನ್ ಅಂದ್ರೂ 1,400 ತೋಟೆ ಆಗುತ್ತೆ. ಕೇಪು ಹಾಗಲ್ಲ, ಒಂದಕ್ಕೆ ಒಂದು, ಉಳಿಸೋಕೆ ಬರಲ್ಲ. ಅದಕ್ಕೆ ನನ್ನ ದುಡ್ಡು ಮೊದಲು ಕೇಪಿಗೆ, ಆಮೇಲೆ ಮದ್ದಿಗೆ, ಕೊನೇಲಿ ಬುಲೆಟ್ಟಿಗೆ, ಅಂದ್ರೆ ತೋಟೆ ತುದಿಯ ಗುಂಡಿಗೆ. ರೈಫಲ್ ಹೊಡೆಯೋರಿಗೆ ಮಾತ್ರ ಮದ್ದಿಂದೂ ತಲೆನೋವೇ, .308ಕ್ಕೆ 43 ಗ್ರೇನ್ ಹಾಕಿದ್ರೆ ಪೌಂಡಿಗೆ 160 ತೋಟೆ ಚಿಲ್ಲರೆ ಅಷ್ಟೇ. ಮದ್ದಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ಫಿರಂಗಿ ಗುಂಡಿಗೂ ಬೇಕು, ಉಕ್ರೇನ್ ಯುದ್ಧ ಶುರುವಾದ್ಮೇಲೆ ಅದು ಆ ಕಡೆಗೆ ಹರೀತಿದೆ, 2024ರಲ್ಲಿ ಅಲಯಂಟ್ ಕಂಪನಿ ಡಬ್ಬಿ ಮದ್ದು ಕಳಿಸೋದನ್ನೇ ಸ್ವಲ್ಪ ಕಾಲ ನಿಲ್ಲಿಸ್ತು.

ಈಗ ಆ ಗಾಜಿನ ಬಾಟ್ಲಿ. 2021ರಲ್ಲಿ ನಮ್ಮ ರೇಂಜಲ್ಲಿ ಒಬ್ಬ ಹುಡುಗ ಹೀಗೇ ಪಾರ್ಕಿಂಗ್ ಲಾಟಲ್ಲಿ ಯಾರ ಹತ್ರಾನೋ ಮದ್ದು ತಗೊಂಡು ಬಂದು "ಇದು ಯಾವ್ದು ನೋಡಿ ಹೇಳ್ತೀರಾ" ಅಂತ ನನಗೆ ತೋರಿಸ್ದ. ನೋಡಿ ಹೇಳೋಕೆ ಯಾರಿಂದ್ಲೂ ಆಗಲ್ಲ! ಬೂದು ಬಣ್ಣದ ಚಪ್ಪಟೆ ಹರಳು ಹತ್ತಾರು ಮದ್ದಲ್ಲಿ ಒಂದೇ ಥರ ಇರುತ್ತೆ, ಒಂದು ಮೆಲ್ಲಗೆ ಉರಿಯುತ್ತೆ ಇನ್ನೊಂದು ಅದರ ಎಷ್ಟೋ ಪಟ್ಟು ಬೇಗ. ಅವನು ಅದಕ್ಕೆ 60 ಡಾಲರ್ ಕೊಟ್ಟಿದ್ದ, ಮುಖ ಸಣ್ಣದಾಯ್ತು ಪಾಪ, ಆದ್ರೂ ಕೇಳ್ದ, ಇಬ್ರೂ ಸೇರಿ ಅದನ್ನ ನಮ್ಮ ಹಿತ್ತಲ ಹುಲ್ಲಿನ ಮೇಲೆ ತೆಳ್ಳಗೆ ಉದುರಿಸಿ ನೀರು ಬಿಟ್ವಿ. ನೀನೂ ಅದೇ ಮಾಡು.

ಹೆಸರು ಇದ್ರೂ ಹುಷಾರು. ಐಎಂಆರ್ 4350, ಎಚ್ 4350, ಅಕ್ಯುರೇಟ್ 4350 ಮೂರಕ್ಕೂ ನಂಬರ್ ಒಂದೇ, ಮದ್ದು ಮೂರೂ ಬೇರೆ. ಇನ್ನೊಂದು ಕಡೆ ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಹೆಸರು ಎರಡು, ಮದ್ದು ಒಂದೇ, ಅವನ್ನ ಮಾರೋ ಹಾಡ್ಜ್‌ಡನ್ ಕಂಪನಿ ಕೊಡೋ ಡೇಟಾ ಕೂಡ ಒಂದೇ. ಇಂಥ ಜೋಡಿ ಗೊತ್ತಿದ್ರೆ ಬರದಲ್ಲಿ ಉಪಯೋಗಕ್ಕೆ ಬರುತ್ತೆ, ಆದ್ರೆ ಕಂಪನಿ ಡೇಟಾದಲ್ಲಿ ಕಂಡ್ರೆ ಮಾತ್ರ ನಂಬು, ಬಾಯಿಮಾತಿಗೆ ನಂಬ್ಬೇಡ. ಹೊಸ ಮದ್ದು ಹಿಡಿದಾಗ ಕೇಸುಗಳನ್ನೆಲ್ಲ ಬ್ಲಾಕಲ್ಲಿ ನಿಲ್ಸಿ ಟಾರ್ಚ್ ಬಿಟ್ಟು ಒಂದೊಂದನ್ನೂ ನೋಡು, ಕೆಲವು ಮದ್ದು ಕೇಸಿನ ಕಾಲು ಭಾಗಾನೂ ತುಂಬಲ್ಲ, ಎರಡು ಸಲ ಬಿದ್ದಿದ್ರೂ ಗೊತ್ತಾಗಲ್ಲ.

ಪ್ರಶ್ನೆ: ಫೀನಿಕ್ಸಿಂದ ಬರೀತಿದೀನಿ ಸರ್. ನಮ್ಮೆಜಮಾನ್ರು ಸಿಕ್ಕಿದ್ದೆಲ್ಲ ತಂದು ಗ್ಯಾರೇಜಲ್ಲಿ ತುಂಬ್ತಿದಾರೆ, ಪೌಡರ್ ಡಬ್ಬಿ ಹತ್ತು ಹನ್ನೆರಡು ಇರ್ಬೇಕು, ಪ್ರೈಮರ್ ಎಲ್ಲ ಒಂದು ಹಾರ್ಲಿಕ್ಸ್ ಬಾಟ್ಲಿಗೆ ಸುರಿದಿದಾರೆ. ಮನೇಲಿ ನಾಲ್ಕು ವರ್ಷದ ಮಗ ಇದಾನೆ. ನಂಗೆ ನಿದ್ದೆ ಬರ್ತಿಲ್ಲ.

ಅಮ್ಮಾ, ನಿಮ್ಮ ಭಯ ಸರಿಯಾಗೇ ಇದೆ. ಆ ಬಾಟ್ಲಿ ವಿಷ್ಯ ಇವತ್ತೇ ಮಾತಾಡಿ. ಕೇಪುಗಳು ಕಂಪನಿ ಟ್ರೇಯಲ್ಲಿ ಒಂದಕ್ಕೊಂದು ದೂರ ಕೂತಿರೋದೇ ಒಂದು ಸಿಡಿದ್ರೆ ಪಕ್ಕದ್ದಕ್ಕೆ ಹಬ್ಬದಿರ್ಲಿ ಅಂತ, ಬಾಟ್ಲಲ್ಲಿ ಸುರಿದ್ರೆ ಒಂದಕ್ಕೆ ತಗುಲಿದ ಪೆಟ್ಟು ಎಲ್ಲದಕ್ಕೂ. ನೀವು ಅದನ್ನ ಅಲುಗಾಡಿಸೋಕೆ, ಟ್ರೇಗೆ ವಾಪಸ್ ಹಾಕೋಕೆ ಹೋಗ್ಬೇಡಿ, ಯಜಮಾನ್ರೂ ಹೋಗೋದು ಬೇಡ, ಬಾಟ್ಲಿನ ಇದ್ದಲ್ಲೇ ಬಿಟ್ಟು ಊರಿನ ಫೈರ್ ಡಿಪಾರ್ಟ್‌ಮೆಂಟಿನ ಮಾಮೂಲಿ ನಂಬರಿಗೆ ಫೋನ್ ಮಾಡಿ ಹೀಗಿದೆ ಅಂತ ಹೇಳಿ, ಮಗನನ್ನ ಗ್ಯಾರೇಜ್ ಕಡೆ ಬಿಡ್ಬೇಡಿ.

ಮದ್ದು ಅದರ ಸ್ವಂತ ಡಬ್ಬಿಯಲ್ಲೇ ಇರ್ಬೇಕು. ಅಮೆರಿಕದ ಫೈರ್ ಕೋಡ್ ಎನ್‌ಎಫ್‌ಪಿಎ 495 ಪ್ರಕಾರ ಮನೇಲಿ 20 ಪೌಂಡ್ ತನಕ ಒರಿಜಿನಲ್ ಡಬ್ಬಿಲಿ ಇಡಬಹುದು, ಅದ್ರ ಮೇಲೆ 50ರ ತನಕ ಒಂದಿಂಚು ದಪ್ಪದ ಮರದ ಪೆಟ್ಟಿಗೆ ಬೇಕು, ಕೇಪು 10,000 ತನಕ. ನಿಮ್ಮೂರಿನ ನಿಯಮ ಇದಕ್ಕಿಂತ ಬಿಗಿ ಇರ್ಬಹುದು, ಅದೇ ಫೋನಲ್ಲಿ ಕೇಳಿ. ಅರಿಝೋನಾ ಬೇಸಿಗೆಗೆ ಗ್ಯಾರೇಜ್ ಒಲೆ ಇದ್ದಂಗೆ, ಮದ್ದು ಬೇಗ ಹಾಳಾಗುತ್ತೆ, ಮನೆ ಒಳಗೆ ತಂಪಾದ ಕಡೆ ಬೀಗ ಹಾಕಿ ಇಡಿ, ಮಗನ ಕೈಗೆ ಎಟುಕದಷ್ಟು ಮೇಲೆ, ಕೇಪು ಒಂದು ಕಡೆ ಮದ್ದು ಇನ್ನೊಂದು ಕಡೆ. ಅವ್ರು ತರೋದನ್ನ ನಿಲ್ಲಿಸೋದು ನನ್ನ ಕೈಲಿಲ್ಲ, ಈ ಪುಟ ಅವ್ರ ಮುಂದಿಡಿ.

ಪ್ರಶ್ನೆ: ವಿರಾಜಪೇಟೆಯಿಂದ. ಕೈಲ್‌ಪೋಳ್ದ್ ಹಬ್ಬ ಹತ್ರ ಬಂದ್ರೆ 12 ಬೋರ್ ತೋಟೆಗೆ ಪರದಾಟ. ಅಮೆರಿಕದಲ್ಲಿ ಖಾಲಿ ತೋಟೆಗೆ ಮತ್ತೆ ತುಂಬ್ತಾರಂತಲ್ಲ, ನಮಗೆ ಲೈಸೆನ್ಸಿಂದ ವಿನಾಯಿತಿ ಇದೆ, ನಾವೂ ಮನೇಲೇ ತುಂಬಬಹುದಾ?

ಇಲ್ಲ ಮಾರಾಯ್ರೆ, ದಯವಿಟ್ಟು ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಸಿಕ್ಕಿರೋ ವಿನಾಯಿತಿ ಆಯುಧ ಕಾಯ್ದೆಯ 3 ಮತ್ತು 4ನೇ ಸೆಕ್ಷನ್ನಿಂದ, ಅಂದ್ರೆ ಕೋವಿ ಇಟ್ಕೊಳ್ಳೋದಕ್ಕೆ, ಒಯ್ಯೋದಕ್ಕೆ. ತೋಟೆ ತಯಾರಿಸೋದು 5ನೇ ಸೆಕ್ಷನ್, ಅದಕ್ಕೆ ಬೇರೆ ಲೈಸೆನ್ಸ್ ಬೇಕು. ಈ ವಿನಾಯಿತಿ ಈಗ 2029ರ ತನಕ ಇದೆ, ಕೋರ್ಟಲ್ಲಿ ಪ್ರಶ್ನೆ ಮಾಡಿದ್ರು, 2021ರಲ್ಲಿ ಹೈಕೋರ್ಟ್ ಎತ್ತಿ ಹಿಡೀತು. ಎಷ್ಟೋ ತಲೆಮಾರಿಂದ ಕೋವಿನ ಮರ್ಯಾದೆಯಿಂದ ಇಟ್ಕೊಂಡು ಬಂದಿದ್ದಕ್ಕೇ ಅದು ಉಳಿದಿರೋದು ಅಂತ ನಾನು ನಂಬಿದೀನಿ, ಯಾರೋ ಒಬ್ರ ಮನೇಲಿ ತೋಟೆ ತುಂಬೋವಾಗ ಸಿಡಿದ್ರೆ ಮಾತು ಇಡೀ ನಾಡಿನ ಮೇಲೆ ಬರುತ್ತೆ.

ಒಕ್ಕದವರು (ಮನೆತನದವರು), ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಸೋ ಸಮಿತಿಯವರು ಸೇರಿ ಏಪ್ರಿಲ್ ಮೇನಲ್ಲೇ ಡೀಲರಿಗೆ ಎಷ್ಟು ಬೇಕು ಅಂತ ಹೇಳಿಡಿ. ಆಗಸ್ಟ್ ಕೊನೇಲಿ ಎಲ್ರೂ ಒಟ್ಟಿಗೆ ಹೋದ್ರೆ ಅವ್ನಾದ್ರೂ ಎಲ್ಲಿಂದ ತರ್ತಾನೆ. ಸ್ಪರ್ಧೆಲಿ ಒಬ್ರಿಗೆ ಇಷ್ಟೇ ಈಡು ಅಂತ ಮಾಡಿ. ಮೊದಲೇ ತಂದ್ರೆ ನಮ್ಮ ಮಳೆಗಾಲದ ಥಂಡಿ ನೆನಪಿರ್ಲಿ, ಕಾಗದದ ತೋಟೆ ಉಬ್ಬುತ್ತೆ, ನಳಿಗೆಗೆ ಕೂರಲ್ಲ, ಒತ್ತಿ ತುರುಕಲೇಬಾರ್ದು. ಗಾಳಿಯಾಡದ ಡಬ್ಬಿಲಿ ಇಡಿ.

ಪ್ರಶ್ನೆ: ಬೆಂಗಳೂರು. ಮಗಳು ಕ್ಲಬ್ಬಲ್ಲಿ .22 ರೈಫಲ್ ಹೊಡೀತಾಳೆ. ಇಂಪೋರ್ಟೆಡ್ ತೋಟೆ ಸರಿಯಾಗಿ ಸಿಗಲ್ಲ, ವಾರಕ್ಕೆ 50 ಸಿಕ್ಕಿದ್ರೆ ಹೆಚ್ಚು. ಪ್ರಾಕ್ಟೀಸ್ ಹೇಗೆ ಸರ್?

.22ರಲ್ಲಿ ಕೇಪು ಬೇರೆ ಇರಲ್ಲ, ಸಿಡಿಮದ್ದು ಕೇಸಿನ ಅಂಚಲ್ಲೇ ಸೇರ್ಕೊಂಡಿರುತ್ತೆ, ಹಾಗಾಗಿ ರೀಲೋಡ್ ಮಾತೇ ಇಲ್ಲ. 2020ರಲ್ಲಿ ಸರ್ಕಾರ ಶೂಟರ್‌ಗಳಿಗೆ .22ರ ವರ್ಷದ ಮಿತಿಯನ್ನ 1,000ದಿಂದ 5,000ಕ್ಕೆ ಏರಿಸ್ತು, ಒಳ್ಳೇದೇ ಆಯ್ತು, ಆದ್ರೆ ಮ್ಯಾಚ್ ತೋಟೆ ಇಂಗ್ಲೆಂಡಿನ ಈಲಿ, ಜರ್ಮನಿಯ ಆರ್‌ಡಬ್ಲ್ಯೂಎಸ್ ಥರದವ್ರಿಂದ ಬರ್ಬೇಕು.

ಏರ್ ರೈಫಲ್ ಇದ್ಯಾ? ಇಲ್ಲಾಂದ್ರೆ ಮೊದಲು ಅದು. ಭಾರತದಲ್ಲಿ .177 ಬೋರು, 20 ಜೌಲ್ ಒಳಗಿನದ್ದಕ್ಕೆ ಆಯುಧ ಲೈಸೆನ್ಸ್ ಬೇಡ, ಒಂದು ಡಬ್ಬಿ ಪೆಲೆಟ್ಟಲ್ಲಿ 500 ಇರುತ್ತೆ. 10 ಮೀಟರ್ ಏರ್ ರೈಫಲ್ ಟಾರ್ಗೆಟ್ಟಲ್ಲಿ ಹತ್ತರ ಗುರಿ ಬರೀ ಅರ್ಧ ಮಿಲಿಮೀಟರ್ ಚುಕ್ಕೆ, ಅದಕ್ಕೆ ಹೊಡೆಯೋಕೆ ಕಲಿತ ಕೈ .22ಕ್ಕೆ ಬಂದಾಗ ಹೆದರಲ್ಲ. ಉಸಿರು, ಟ್ರಿಗರ್, ಈಡು ಹೋದ್ಮೇಲೂ ಅಲುಗದೆ ಗುರಿ ಹಿಡಿದಿರೋ ಫಾಲೋ ಥ್ರೂ ಎಲ್ಲ ಅಲ್ಲೇ ಕಲೀಬಹುದು.

ಮಿಕ್ಕ ದಿನ ಮನೇಲಿ ಡ್ರೈ ಫೈರ್, ಅಂದ್ರೆ ಗುಂಡಿಲ್ದೆ ಟ್ರಿಗರ್ ಎಳೆಯೋ ಅಭ್ಯಾಸ, ಖಾಲಿ ಅಂತ ಎರಡು ಸಲ ನೋಡಿ, ಗೋಡೆಗೆ ಸಣ್ಣ ಚುಕ್ಕೆ ಅಂಟಿಸಿ, 20 ನಿಮಿಷ. ಏರ್ ರೈಫಲ್ಲಲ್ಲಿ ಅದಕ್ಕೇ ಡ್ರೈ ಫೈರ್ ವ್ಯವಸ್ಥೆ ಇದ್ರೆ ಅದೇ ವಾಸಿ. .22 ರೈಫಲ್ಲಲ್ಲಿ ಕೋಚ್ ಕೇಳ್ದೆ ಬೇಡ, ಕೆಲವು ರೈಫಲ್ಲಲ್ಲಿ ಪಿನ್ ಹೋಗಿ ಚೇಂಬರ್ ಅಂಚಿಗೆ ಹೊಡೆದು ಗಾಯ ಮಾಡುತ್ತೆ.

ಆ 50 ತೋಟೆನ ಎರಡು ಭಾಗ ಮಾಡಿ. 10 ಬರೀ ವಾರ್ಮಪ್ಪಿಗೆ, 40 ಮ್ಯಾಚ್ ಥರ, ಟೈಮಿಟ್ಟು, ಪ್ರತಿ ಈಡು ಹೊಡೆದ್ಮೇಲೆ ಟಾರ್ಗೆಟ್ ನೋಡೋ ಮೊದಲು ಎಲ್ಲಿ ಬಿದ್ದಿರುತ್ತೆ ಅಂತ ಅವ್ಳೇ ಬಾಯ್ಬಿಟ್ಟು ಹೇಳ್ಲಿ, ಆಮೇಲೆ ನೋಡಿ ಬರ್ಕೊಳ್ಲಿ. ತೋಟೆ ಡಬ್ಬಿ ಮೇಲೆ ಲಾಟ್ ನಂಬರ್ ಇರುತ್ತೆ, ಸಿಕ್ಕಾಗ ಒಂದೇ ಲಾಟಿಂದ ತಗೊಂಡು ಸ್ಪರ್ಧೆಗೆ ಅಂತ ಬೇರೆ ಎತ್ತಿಡಿ, ಪ್ರಾಕ್ಟೀಸಿಗೆ ಸಿಕ್ಕಿದ ಬೇರೆ ಲಾಟ್ ಜೊತೆ ಬೆರೆಸ್ಬೇಡಿ, ಬೆರೆತ್ರೆ ತಪ್ಪು ಅವಳ್ದಾ ತೋಟೆದಾ ಅಂತ ಗೊತ್ತೇ ಆಗಲ್ಲ. ಮೂರು ತಿಂಗಳಾದ್ಮೇಲೆ ಅವಳ ಡೈರಿ, ಟಾರ್ಗೆಟ್ ಕಾರ್ಡು ಫೋಟೋ ತೆಗೆದು ಕಳಿಸಿ, ಗ್ರೂಪ್ (ಗುಂಡು ಬಿದ್ದ ತೂತುಗಳ ಗುಂಪು) ಯಾವ ಕಡೆ ಎಳೀತಿದೆ ನೋಡಿ ಬರೀತೀನಿ.