ರೇಸ್ ಕಾರಿನ ರಬ್ಬರ್ ಕಪ್ಲಿಂಗ್ ಪದೇ ಪದೇ ಹರಿಯುತ್ತಿದ್ದರೆ

ಎಂಜಿನ್ ಪವರ್ ಹೆಚ್ಚಿಸಿದ ಮೇಲೆ ಎರಡೇ ರೇಸಿಗೆ ಡ್ರೈವ್‌ಶಾಫ್ಟಿನ (ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ರಬ್ಬರ್ ಕಪ್ಲಿಂಗ್ (ಬಾಗಬಲ್ಲ ಜೋಡಣೆ) ಹರಿಯುತ್ತಿದೆ ಅಂದಿರಿ. ಪವರ್‌ಗಿಂತ ಹೆಚ್ಚಾಗಿ ಕೋನದ ತೊಂದರೆ ಇರಬಹುದು: ಚಕ್ರ ಪೂರ್ತಿ ಕೆಳಗಿಳಿದಾಗ ರಬ್ಬರ್ ಮಿತಿಮೀರಿ ಬಾಗುತ್ತದೆ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಬಹುತೇಕ ಅದೇ.

ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಚಕ್ರವನ್ನು ಮೇಲಿಂದ ಕೆಳಗಿನವರೆಗೆ ಆಡಿಸುತ್ತ ಫ್ಲೇಂಜ್‌ಗಳ (ಶಾಫ್ಟಿನ ಎರಡೂ ತುದಿ ಬೋಲ್ಟ್ ಆಗುವ ತಟ್ಟೆಗಳು) ನಡುವಿನ ದೂರವನ್ನು ಐದಾರು ಕಡೆ ಅಳೆದು ಬರೆದಿಡಿ. ಡ್ರೂಪ್ (ಚಕ್ರ ಕೆಳಗಿಳಿಯುವ ದೂರ) ಜಾಸ್ತಿಯಿದ್ದರೆ ಅದನ್ನು ತಡೆಯುವ ಪಟ್ಟಿ, ಅಂದರೆ ಲಿಮಿಟ್ ಸ್ಟ್ರಾಪ್ ಹಾಕಿ. ಹೊಸ ಕಪ್ಲಿಂಗ್ ಸುತ್ತ ಉಕ್ಕಿನ ಪಟ್ಟಿ ಬಂದಿದ್ದರೆ, ಬೋಲ್ಟ್‌ಗಳನ್ನೆಲ್ಲ ಬಿಗಿದ ಮೇಲೆಯೇ ಅದನ್ನು ಕತ್ತರಿಸಿ.

ಆಮೇಲೂ ಹರಿದರೆ ರಬ್ಬರ್ ಬದಲು ಸಿವಿ ಜಾಯಿಂಟ್ (ಬಾಗಿದರೂ ಒಂದೇ ವೇಗದಲ್ಲಿ ತಿರುಗಿಸುವ ಲೋಹದ ಕೀಲು) ಇರುವ ಶಾಫ್ಟ್‌ಗೆ ಹೋಗಿ. ನೀವು ಬರೆದಿಟ್ಟ ಅಳತೆಗಳ ವ್ಯತ್ಯಾಸ ಜಾಯಿಂಟಿನ ಪ್ಲಂಜ್ (ಒಳಗೆ ಹೊರಗೆ ಜಾರಬಲ್ಲ ದೂರ) ಒಳಗೇ ಇರಬೇಕು, ಎರಡೂ ತುದಿಯಲ್ಲಿ ಕೆಲವು ಮಿ.ಮೀ. ಉಳಿಯಲೇಬೇಕು. ರಬ್ಬರ್ ನುಂಗುತ್ತಿದ್ದ ಹೊಡೆತ ಇನ್ನು ನೇರ ಡಿಫರೆನ್ಶಿಯಲ್‌ಗೆ (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳು) ಬೀಳುತ್ತದೆ. ಸ್ಟಾರ್ಟ್‌ನಲ್ಲಿ ಕ್ಲಚ್ ಥಟ್ಟನೆ ಬಿಡಬೇಡಿ.