ಕಂಪ್ಲಿ ಹತ್ತಿರ ಹೊಳೆಗೆ ಪಂಪ್ ಕೂರಿಸಿದ ಮೇಲೆ ನೀರುನಾಯಿ ಕಾಣ್ತಿಲ್ಲ, ಪಂಪ್ ತೆಗೀಬೇಕಾ?

ನೀವು ಎತ್ತುವ ನೀರಿಗಿಂತ, ಪಂಪ್ ಕೂರಿಸಲು ದಡದ ಜೊಂಡು ಸವರಿದ್ದೇ ಕಾರಣ ಇರಬೇಕು. ನೀರುನಾಯಿಗಳು ಅಡಗೋದು ಜೊಂಡಿನಲ್ಲಿ, ಬಂಡೆ ಸಂದಿಯಲ್ಲಿ. ಪಂಪ್ ಪೂರ್ತಿ ತೆಗೆಯಬೇಕಿಲ್ಲ.

ಮೊದಲು ದಡದ ಬಂಡೆಗಳ ಮೇಲೆ ಹಿಕ್ಕೆ ಹುಡುಕಿ: ಮೀನಿನ ಹುರುಪೆ, ಮುಳ್ಳು ತುಂಬಿರುತ್ತೆ, ನಾತ ದೂರಕ್ಕೇ ಹೊಡೆಯುತ್ತೆ. ಹಸಿ ಹಿಕ್ಕೆ ಸಿಕ್ಕರೆ ಇನ್ನೂ ಓಡಾಡ್ತಿವೆ ಅಂತ. ಪಂಪನ್ನು ಅಲ್ಲಿಂದ ದೂರ ಸರಿಸಿ. ಆಮೇಲೆ ಫುಟ್‌ವಾಲ್ವ್‌ಗೆ (ನೀರು ಹೀರುವ ಪೈಪಿನ ತುದಿಗೆ) ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಮೀನುಮರಿ ಉಳಿಯಲಿ. ಮುಂಜಾನೆ, ಮುಸ್ಸಂಜೆ ಮೋಟಾರ್ ನಿಲ್ಲಿಸಿ (ಕರೆಂಟ್ ಬರೋದೇ ಆಗ ಅಂದರೆ ಕಷ್ಟ, ಗೊತ್ತು). ಜೊಂಡು ಮತ್ತೆ ಬೆಳೆಯಲು ಬಿಡಿ. ವಾಪಸ್ ಬಂದೇ ಬರುತ್ತವೆ ಅಂತ ಖಾತ್ರಿ ಕೊಡಲಾರೆ.

ಒಂದು ಮಾತು: ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ನಿಮ್ಮ ಕಂಪ್ಲಿವರೆಗಿನ 34 ಕಿ.ಮೀ. 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಪಂಪ್ ಸರಿಸಲು ದಡ ಅಗೆಯುವ ಮುನ್ನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.